ಜವಳಿ ವಿನ್ಯಾಸ ಓದಲು ಎಲ್ಲಿಗೆ ಹೋಗಬೇಕು? ಉತ್ತರ ಕನ್ನಡದ ವಿದ್ಯಾರ್ಥಿಗಳಿಗೊಂದು ಹೋಲಿಕೆ

ಕಾರವಾರ, ಕುಮಟಾ, ಶಿರಸಿ ಕಡೆಯಿಂದ ಪಿಯುಸಿ ಮುಗಿಸಿ ‘ಟೆಕ್ಸ್‌ಟೈಲ್ ಡಿಸೈನ್ ಓದಬೇಕು’ ಎನ್ನುವವರು ಸಾಮಾನ್ಯವಾಗಿ ಕಾಲೇಜಿನ ಹೆಸರಿನಿಂದ ಶುರುಮಾಡುತ್ತಾರೆ. ಎನ್‌ಐಡಿ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) ಸಿಕ್ಕರೆ ಅದು, ಇಲ್ಲವಾದರೆ ನಿಫ್ಟ್ (ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ), ಅದೂ ಇಲ್ಲವಾದರೆ ಬೆಂಗಳೂರಿನ ಯಾವುದಾದರೂ ಖಾಸಗಿ ಕಾಲೇಜು. ಈ ಕ್ರಮದಲ್ಲಿ ಹೋದವರಲ್ಲಿ ಎರಡನೆಯ ವರ್ಷದ ಹೊತ್ತಿಗೆ ‘ನನಗೆ ಬೇಕಾದ್ದು ಇದಲ್ಲ’ ಎನ್ನುವವರು ಇದ್ದೇ ಇರುತ್ತಾರೆ. ಹೆಸರು ನೋಡುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನೂಲಿನಿಂದ ಬಟ್ಟೆಯನ್ನು ನೇಯ್ದು ಕಟ್ಟುವ ಕೆಲಸ ನಿಮಗೆ ಇಷ್ಟವೋ, ಇದ್ದ ಬಟ್ಟೆಯ ಮೇಲೆ ಬರೆಯುವ ಕೆಲಸ ಇಷ್ಟವೋ? ಇದಕ್ಕೆ ಉತ್ತರ ಸಿಕ್ಕರೆ ಕಾಲೇಜಿನ ಪಟ್ಟಿ ಅರ್ಧಕ್ಕೆ ಇಳಿಯುತ್ತದೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಗೆಹರಿಸಿಕೊಳ್ಳಿ. ಉಡುಪಿನ ಕಟಿಂಗ್, ಹೊಲಿಗೆ, ಅಳತೆ ಇವೆಲ್ಲ ಫ್ಯಾಷನ್ ಡಿಸೈನಿಗೆ ಸೇರಿದ್ದು. ಜವಳಿ ವಿನ್ಯಾಸದವರು ಹೊಲಿಗೆ ಯಂತ್ರದ ಮುಂದೆ ಕೂರುವುದು ಕಡಿಮೆ. ಅವರ ಕೆಲಸ ನೂಲಿನಿಂದ ಶುರುವಾಗಿ ಥಾನು ತಯಾರಾಗುವಲ್ಲಿಗೆ ಮುಗಿಯುತ್ತದೆ. ಸೀರೆ, ಪರದೆ, ಹಾಸಿಗೆ ಹೊದಿಕೆ, ಸೋಫಾ ಬಟ್ಟೆ, ಬಸ್ಸಿನ ಸೀಟಿನ ಬಟ್ಟೆ ಎಲ್ಲವೂ ಅವರ ಕ್ಷೇತ್ರ. ‘ಫ್ಯಾಷನ್ ಅಂಡ್ ಟೆಕ್ಸ್‌ಟೈಲ್’ ಎಂದು ಎರಡನ್ನೂ ಸೇರಿಸಿದ ಕೋರ್ಸುಗಳಲ್ಲಿ ಬಹುಪಾಲು ಹೊಲಿಗೆಯೇ ಇರುತ್ತದೆ, ಮಗ್ಗ ಮೂಲೆಗೆ ಸರಿದಿರುತ್ತದೆ.

ಕಟ್ಟುವುದು, ಬರೆಯುವುದು

ನೇಯ್ಗೆಯಲ್ಲಿ ಲೆಕ್ಕ ಮೊದಲು, ಚಿತ್ರ ಆಮೇಲೆ. ಹತ್ತು ಇಂಚು ಅಗಲದ ಒಂದು ಮಾದರಿ ತುಂಡು ನೇಯಬೇಕು ಎಂದುಕೊಳ್ಳಿ. ನಿಮ್ಮ ಬಳಿ 40ರ ಹಣಿಗೆ (ಎಳೆಗಳ ಅಂತರ ಕಾಯುವ ಮಗ್ಗದ ಬಾಚಣಿಗೆ) ಇದೆ, ಅಂದರೆ ಎರಡು ಇಂಚಿಗೆ 40 ಹಲ್ಲು. ಹಲ್ಲಿಗೆ ಎರಡು ಎಳೆಯಂತೆ ಇಂಚಿಗೆ 40 ಎಳೆ, ಹತ್ತು ಇಂಚಿಗೆ 400 ಎಳೆ. ಹಾಸಿನ (ಮಗ್ಗದಲ್ಲಿ ಉದ್ದಕ್ಕೆ ಹೂಡುವ ಎಳೆಗಳ) ಉದ್ದ 3 ಗಜ ಹಿಡಿದರೆ ಒಟ್ಟು 1,200 ಗಜ ನೂಲು. 20ರ ನಂಬರಿನ ಎರಡೆಳೆ ಹತ್ತಿನೂಲು ಪೌಂಡಿಗೆ 8,400 ಗಜ ಬರುತ್ತದೆ, ಹಾಗಾಗಿ ಹಾಸಿನ ಎಳೆಗಳಿಗೆ ಸುಮಾರು 65 ಗ್ರಾಂ ಸಾಕು. ಅಂಚಿಗೆ ಮತ್ತು ಹಾಳಾಗುವುದಕ್ಕೆ ಹತ್ತರಲ್ಲೊಂದು ಪಾಲು ಸೇರಿಸಿ. ಹೊಕ್ಕಿನ (ಅಡ್ಡಕ್ಕೆ ಹಾಯುವ ಎಳೆಯ) ಲೆಕ್ಕ ಬೇರೆ. ಇಷ್ಟಾದ ಮೇಲೆ 400 ಎಳೆಯನ್ನೂ ಒಂದೊಂದಾಗಿ ಹೀಲ್ಡಿನ (ಹಾಸಿನ ಎಳೆಗಳನ್ನು ಎತ್ತಿ ಇಳಿಸುವ ತಂತಿಯ) ಕಣ್ಣಿನಲ್ಲಿ ದಾಟಿಸಬೇಕು. ಒಂದೇ ಒಂದು ಎಳೆ ತಪ್ಪು ಕಣ್ಣಿಗೆ ಹೋದರೆ ಬಟ್ಟೆಯ ಉದ್ದಕ್ಕೂ ಗೆರೆ ಬೀಳುತ್ತದೆ. ಅದು ಕಣ್ಣಿಗೆ ಬೀಳುವುದು ಎರಡು ಇಂಚು ನೇಯ್ದ ಮೇಲೆ. ಆಗ ನೇಯ್ದದ್ದನ್ನು ಬಿಚ್ಚಿ, ಆ ಎಳೆಯಿಂದ ಬದಿಯವರೆಗೆ ಮತ್ತೆ ದಾಟಿಸಬೇಕು. ಈ ಪ್ಯಾರಾ ಓದುವಾಗ ಕಾಗದ ತೆಗೆದು ಲೆಕ್ಕ ಹಾಕಬೇಕು ಅನ್ನಿಸಿದ್ದರೆ ನೀವು ನೇಯ್ಗೆಯ ಕಡೆಯವರು.

ಮುದ್ರಣ ಮತ್ತು ಮೇಲ್ಮೈ ವಿನ್ಯಾಸದಲ್ಲಿ ಗೆರೆ, ಬಣ್ಣ, ಪುನರಾವರ್ತನೆ ಮುಖ್ಯ. ಒಂದು ಹೂವನ್ನು ಚಂದ ಬರೆದರೆ ವಿನ್ಯಾಸವಾಗುವುದಿಲ್ಲ, ಆ ಹೂವು ನೂರು ಮೀಟರ್ ಉದ್ದಕ್ಕೂ ಎಲ್ಲೂ ಜೋಡಣೆ ಕಾಣದಂತೆ ಮರಳಿ ಮರಳಿ ಬರಬೇಕು. ಗಿರಣಿಗಳಲ್ಲಿ ಬಳಸುವ ಸಾಮಾನ್ಯ ರೋಟರಿ ಸ್ಕ್ರೀನಿನ ಸುತ್ತಳತೆ 64 ಸೆಂ.ಮೀ. ಹಾಗಾಗಿ ವಿನ್ಯಾಸದ ಎತ್ತರ 64, 32, 16 ಹೀಗೆ ಅದನ್ನು ಸರಿಯಾಗಿ ಭಾಗಿಸುವ ಅಳತೆಯಲ್ಲೇ ಇರಬೇಕು. 25 ಸೆಂ.ಮೀ. ಎತ್ತರಕ್ಕೆ ಎಷ್ಟೇ ಸುಂದರವಾಗಿ ಬರೆದರೂ ಆ ಸ್ಕ್ರೀನಿನಲ್ಲಿ ಅದು ಕೂರುವುದಿಲ್ಲ. ಪ್ರತಿ ಬಣ್ಣಕ್ಕೂ ಒಂದೊಂದು ಸ್ಕ್ರೀನ್ ಬೇಕು, ಬಣ್ಣ ಹೆಚ್ಚಾದಷ್ಟೂ ಖರ್ಚು ಏರುತ್ತದೆ. ಡಿಜಿಟಲ್ ಮುದ್ರಣಕ್ಕೆ ಈ ಕಟ್ಟುಗಳಿಲ್ಲ ನಿಜ. ಆದರೆ ಕಡಿಮೆ ಬಣ್ಣದಲ್ಲಿ ಹೆಚ್ಚು ಹೇಳುವುದನ್ನು ಕಲಿಯದೆ ನೇರ ಡಿಜಿಟಲ್‌ಗೆ ಹೋದವರ ಕೆಲಸ ಹೆಚ್ಚಾಗಿ ಫೋಟೋ ಅಂಟಿಸಿದ ಹಾಗೆ ಕಾಣುತ್ತದೆ.

ಮನೆಯಲ್ಲೇ ಮಾಡಿ ನೋಡಬೇಕಾದ ಮೂರು ಕೆಲಸ

ಕೋಚಿಂಗಿಗೆ ಹಣ ಕಟ್ಟುವ ಮೊದಲು ಇವನ್ನು ಮಾಡಿ. ಮೂರಕ್ಕೂ ಸೇರಿ ಒಂದು ರಜೆ ಸಾಕು.

ಮೊದಲನೆಯದು ಚೌಕಟ್ಟಿನ ನೇಯ್ಗೆ. 30 × 40 ಸೆಂ.ಮೀ. ಅಳತೆಯ ಗಟ್ಟಿ ಮರದ ಚೌಕಟ್ಟಿನ ಮೇಲೆ, ಕೆಳಗೆ ಎರಡೂ ಕಡೆ 5 ಮಿ.ಮೀ.ಗೆ ಒಂದರಂತೆ ಮೊಳೆ ಹೊಡೆಯಿರಿ. 20 ಸೆಂ.ಮೀ. ಅಗಲಕ್ಕೆ ಒಂದೊಂದು ಬದಿಗೆ 41 ಮೊಳೆ ಬೇಕಾಗುತ್ತದೆ. ಒಂದೇ ಸಾಲಿನಲ್ಲಿ ಹೊಡೆದರೆ ಮರ ಸೀಳುತ್ತದೆ, ಒಂದು ಬಿಟ್ಟು ಒಂದನ್ನು ಸ್ವಲ್ಪ ಹಿಂದಕ್ಕೆ ಹೊಡೆಯಿರಿ. ಹಾಸಿನ ಎಳೆಗಳಿಗೆ ಹೊಸೆದ ಗಟ್ಟಿ ಹತ್ತಿದಾರ, ಹೊಕ್ಕಿಗೆ ಯಾವ ನೂಲಾದರೂ ಸರಿ. ಮೊದಲ ಸಲ ನೇಯುವವರೆಲ್ಲರ ಬಟ್ಟೆಯೂ ನಡುವಿನಲ್ಲಿ ಕಿರಿದಾಗುತ್ತದೆ, ಕಾರಣ ಹೊಕ್ಕನ್ನು ಬಿಗಿಯಾಗಿ ಎಳೆಯುವುದು. ಹೊಕ್ಕಿನ ಎಳೆಯನ್ನು ನೇರವಾಗಿ ಹಾಸದೆ ಓರೆಯಾಗಿ ಏರಿಸಿ ಬಿಟ್ಟು, ಆಮೇಲೆ ಬಾಚಣಿಗೆಯಿಂದ ಕೆಳಗೆ ತಟ್ಟಿ. ಓರೆಯಿಂದ ಸಿಗುವ ಹೆಚ್ಚುವರಿ ಉದ್ದ ಎಳೆಗಳ ಮೇಲೆ ಕೆಳಗೆ ಹೋಗುವ ಬಾಗಿಗೆ ಬೇಕು. ಹೀಗೆ ಒಂದು ಗೇಣು ನೇಯ್ದ ಮೇಲೂ ಕೈ ನಿಲ್ಲಿಸಲು ಮನಸ್ಸಾಗದಿದ್ದರೆ ಅದು ಒಳ್ಳೆಯ ಸೂಚನೆ.

ಎರಡನೆಯದು ಪುನರಾವರ್ತನೆ. 16 × 16 ಸೆಂ.ಮೀ. ಕಾಗದದ ನಡುವೆ ಚಿತ್ರ ಬರೆಯಿರಿ, ಅಂಚು ಮುಟ್ಟಬೇಡಿ. ಕಾಗದವನ್ನು ನಾಲ್ಕು ಸಮ ತುಂಡು ಮಾಡಿ, ಎಡದ್ದನ್ನು ಬಲಕ್ಕೂ ಮೇಲಿನದ್ದನ್ನು ಕೆಳಕ್ಕೂ ಬದಲಾಯಿಸಿ ಹಿಂದಿನಿಂದ ಟೇಪ್ ಹಚ್ಚಿ. ಈಗ ನಡುವೆ ಖಾಲಿ ಜಾಗ ಬಂದಿರುತ್ತದೆ, ಅದನ್ನು ತುಂಬಿಸಿ. ಒಂಬತ್ತು ಜೆರಾಕ್ಸ್ ತೆಗೆದು ಮೂರು ಸಾಲಾಗಿ ಗೋಡೆಗೆ ಅಂಟಿಸಿ ಹತ್ತು ಅಡಿ ದೂರ ನಿಂತು ನೋಡಿ. ಬಿಳಿ ಜಾಗಗಳು ಒಂದರ ಕೆಳಗೊಂದು ಬಂದು ಉದ್ದ ಪಟ್ಟಿ ಕಂಡರೆ ವಿನ್ಯಾಸ ಸೋತಿದೆ. ಒಂದು ಬಿಟ್ಟು ಒಂದು ಸಾಲನ್ನು ಅರ್ಧದಷ್ಟು ಪಕ್ಕಕ್ಕೆ ಸರಿಸಿ ಜೋಡಿಸಿದರೆ ಎಷ್ಟೋ ಸಲ ಆ ಪಟ್ಟಿ ಮಾಯವಾಗುತ್ತದೆ. ಈ ಪಟ್ಟಿಯನ್ನು ಓಡಿಸುವ ಕೆಲಸವನ್ನೇ ಮೇಲ್ಮೈ ವಿನ್ಯಾಸಕಾರರು ವರ್ಷಗಟ್ಟಲೆ ಮಾಡುತ್ತಾರೆ.

ಮೂರನೆಯದು ಬಣ್ಣ ಹಾಕುವುದು. ಶಿರಸಿ, ಸಿದ್ದಾಪುರದವರಿಗೆ ಈ ಸಾಮಗ್ರಿ ಅಂಗಳದಲ್ಲೇ ಇದೆ: ಅಡಿಕೆ ಬೇಯಿಸಿದ ಚೊಗರು. ಹಸಿ ಅಡಿಕೆ ಸುಲಿದು ಬೇಯಿಸುವ ಮನೆಗಳಲ್ಲಿ ಸುಗ್ಗಿಯ ಹೊತ್ತಿಗೆ ಗಟ್ಟಿ ಚೊಗರು ಸಿಗುತ್ತದೆ. 100 ಗ್ರಾಂ ತೂಕದ ಅಪ್ಪಟ ಹತ್ತಿ ಬಟ್ಟೆ ತೆಗೆದುಕೊಳ್ಳಿ. ಅಪ್ಪಟವೋ ಅಲ್ಲವೋ ನೋಡಲು ಒಂದೆಳೆ ಸುಟ್ಟು ನೋಡಿ. ಹತ್ತಿ ಕಾಗದದ ವಾಸನೆ ಬಂದು ಮೆತ್ತನೆ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ. ಲೀಟರಿಗೆ 2–3 ಗ್ರಾಂ ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಒಂದು ಗಂಟೆ ಕುದಿಸಿ ತೊಳೆಯಿರಿ. ಈ ಹೆಜ್ಜೆ ಬಿಟ್ಟದ್ದೇ ಬಣ್ಣ ಮಚ್ಚೆ ಮಚ್ಚೆಯಾಗಲು ಮೊದಲ ಕಾರಣ. ಎರಡನೆಯ ಕಾರಣ ಸೋಸದ ಚೊಗರಿನ ಗಷ್ಟು. 100–150 ಗ್ರಾಂ ಗಟ್ಟಿ ಚೊಗರನ್ನು 3 ಲೀಟರ್ ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಕುದಿಯುವ ಮೊದಲಿನ ಬಿಸಿಯಲ್ಲಿ ಮುಕ್ಕಾಲು ಗಂಟೆ ಬಟ್ಟೆಯನ್ನು ತಿರುವುತ್ತ ಇಡಿ, ಅದರಲ್ಲೇ ತಣಿಯಲು ಬಿಡಿ. ಚೊಗರಿನಲ್ಲಿ ಟ್ಯಾನಿನ್ ಇರುವುದರಿಂದ ಹತ್ತಿಗೆ ಅದು ತಾನಾಗಿಯೇ ಹಿಡಿಯುತ್ತದೆ. ಆಮೇಲೆ ಬಟ್ಟೆಯನ್ನು ಮೂರು ತುಂಡು ಮಾಡಿ, ಒಂದು ತುಂಡನ್ನು ಹಾಗೇ ಬಿಡಿ. ಎರಡನೆಯದನ್ನು ಆ ತುಂಡಿನ ತೂಕದ ನೂರಕ್ಕೆ 15ರಷ್ಟು ಸ್ಫಟಿಕ (ಆಲಂ) ಕರಗಿಸಿದ ನೀರಿನಲ್ಲಿ ಅದ್ದಿ. ಮೂರನೆಯದನ್ನು ತೂಕದ ನೂರಕ್ಕೆ 1ರಷ್ಟು ಅನ್ನಭೇದಿ (ಫೆರಸ್ ಸಲ್ಫೇಟ್) ಹಾಕಿದ ನೀರಿನಲ್ಲಿ ಅದ್ದಿ. ಒಂದೇ ಚೊಗರಿನಿಂದ ಕಂದು, ತಿಳಿಯಾದ ಕೆಂಗಂದು, ಬೂದಿಗಪ್ಪು ಮೂರು ಬರುತ್ತವೆ. ಅನ್ನಭೇದಿ ನೂರಕ್ಕೆ 2 ದಾಟಿಸಬೇಡಿ, ಕಬ್ಬಿಣದ ಅಂಶ ಹೆಚ್ಚಾದರೆ ಹತ್ತಿಯ ಎಳೆ ಕಾಲಕ್ರಮೇಣ ಶಿಥಿಲವಾಗಿ ಹರಿಯುತ್ತದೆ. ಈ ಪಾತ್ರೆಗಳನ್ನು ಮತ್ತೆ ಅಡುಗೆಗೆ ಬಳಸಬಾರದು.

ನೀರಿನ ವಿಷಯ ನಮ್ಮ ಜಿಲ್ಲೆಯಲ್ಲಿ ವಿಶೇಷವಾಗಿ ಗಮನಿಸಬೇಕಾದ್ದು. ಕೆಂಪುಕಲ್ಲಿನ ನೆಲದ ಕೆಲವು ಬಾವಿಗಳಲ್ಲಿ ಕಬ್ಬಿಣದ ಅಂಶ ಇರುತ್ತದೆ. ಅಂಥ ನೀರಿನಲ್ಲಿ ನೀವು ಏನೂ ಬೆರೆಸದೆಯೇ ಬಣ್ಣ ಮಂಕಾಗಿ ಕಪ್ಪಿಗೆ ತಿರುಗುತ್ತದೆ. ಸಮುದ್ರದಂಚಿನ ಬಾವಿಯಲ್ಲಿ ಉಪ್ಪು. ಒಂದು ಲೋಟ ಬಾವಿ ನೀರಿಗೂ ಒಂದು ಲೋಟ ಮಳೆನೀರಿಗೂ ಒಂದೊಂದು ಚಮಚ ಚೊಗರು ಹಾಕಿ ಹತ್ತು ನಿಮಿಷ ಬಿಟ್ಟು ಪಕ್ಕಪಕ್ಕ ಇಟ್ಟು ನೋಡಿ, ವ್ಯತ್ಯಾಸ ತಾನೇ ತಿಳಿಯುತ್ತದೆ. ಒಣಗಿದ ತುಂಡಿನ ಅರ್ಧಕ್ಕೆ ದಪ್ಪ ಕಪ್ಪು ಕಾಗದ ಮುಚ್ಚಿ ಎರಡು ವಾರ ಬಿಸಿಲಿಗೆ ಇಟ್ಟರೆ ಬಣ್ಣ ಎಷ್ಟು ನಿಲ್ಲುತ್ತದೆ ಎಂಬುದೂ ಗೊತ್ತಾಗುತ್ತದೆ. ಪ್ರತಿಯೊಂದನ್ನೂ ನೋಟ್‌ಬುಕ್ಕಿಗೆ ಅಂಟಿಸಿ ತೂಕ, ಹೊತ್ತು, ನೀರು ಬರೆದಿಡಿ. ಯಾವ ಡಿಸೈನ್ ಶಾಲೆಯಲ್ಲಾದರೂ ಮೊದಲು ಕಲಿಸುವುದು ಇದನ್ನೇ.

ಬಣ್ಣದ ಕುರುಡು ಇದೆಯೇ ಎಂಬುದನ್ನು ಕಣ್ಣಿನ ಡಾಕ್ಟರ ಬಳಿ ಈಗಲೇ ಪರೀಕ್ಷಿಸಿಕೊಳ್ಳಿ. ಇದ್ದರೂ ನೇಯ್ಗೆ ಓದಬಹುದು, ಡೈಯಿಂಗ್ ಲ್ಯಾಬಿನ ಕೆಲಸ ಮಾತ್ರ ಕಷ್ಟ. ಮೊದಲೇ ಗೊತ್ತಿದ್ದರೆ ದಾರಿ ಆರಿಸುವುದು ಸುಲಭ.

ಎನ್‌ಐಡಿ ಮತ್ತು ನಿಫ್ಟ್

ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ, ಆದರೆ ಸ್ವಭಾವ ಬೇರೆ. ಅಹಮದಾಬಾದಿನ ಎನ್‌ಐಡಿ 1961ರಲ್ಲಿ ಶುರುವಾದದ್ದು. ಅಲ್ಲಿ ಬಿ.ಡಿಸ್. (ವಿನ್ಯಾಸದ ಪದವಿ) ನಾಲ್ಕು ವರ್ಷ, ಮೊದಲ ವರ್ಷ ಎಲ್ಲರಿಗೂ ಸಮಾನವಾದ ಫೌಂಡೇಶನ್. ಊರೇ ಗಿರಣಿಗಳಿಂದ ಬೆಳೆದದ್ದು, 1949ರಲ್ಲಿ ಸ್ಥಾಪನೆಯಾದ ಕ್ಯಾಲಿಕೊ ಜವಳಿ ಸಂಗ್ರಹಾಲಯವೂ ಅಲ್ಲೇ ಇದೆ. ಹಳೆಯ ಪಟೋಲ, ಬಾಂಧನಿ, ಕಸೂತಿಗಳನ್ನು ಕಣ್ಣಾರೆ ನೋಡಬಹುದಾದ ಊರಿನಲ್ಲಿ ಓದುವುದೇ ಒಂದು ಲಾಭ. ಆಂಧ್ರಪ್ರದೇಶ, ಹರಿಯಾಣ, ಮಧ್ಯಪ್ರದೇಶ, ಅಸ್ಸಾಮಿನ ಎನ್‌ಐಡಿಗಳಲ್ಲೂ ಜವಳಿ ಮತ್ತು ಉಡುಪು ವಿನ್ಯಾಸ ಸೇರಿದ ಬಿ.ಡಿಸ್. ಇದೆ. ಬೆಂಗಳೂರಿನಲ್ಲಿಯೂ ಎನ್‌ಐಡಿ ಇದೆಯಲ್ಲ ಎಂದು ಕೇಳುವವರಿದ್ದಾರೆ, ಆದರೆ ಅಲ್ಲಿರುವುದು ಸ್ನಾತಕೋತ್ತರ ಮಾತ್ರ. ಪಿಯುಸಿ ಮುಗಿಸಿದವರಿಗೆ ಅದು ಬಾಗಿಲಲ್ಲ.

ನಿಫ್ಟ್ 1986ರಲ್ಲಿ ದೆಹಲಿಯಲ್ಲಿ ಆರಂಭವಾಗಿ ಈಗ ಹಲವು ಊರುಗಳಲ್ಲಿದೆ. ಉದ್ಯಮದ ಕಡೆಗೆ ಅದರ ಮುಖ: ಎಕ್ಸ್‌ಪೋರ್ಟ್ ಹೌಸ್, ಬಯಿಂಗ್ ಹೌಸ್ (ವಿದೇಶಿ ಕಂಪನಿಗಳ ಪರವಾಗಿ ಖರೀದಿ ನಡೆಸುವವರು), ಸೀಸನ್ನಿಗೆ ತಕ್ಕ ಬಣ್ಣದ ಮುನ್ಸೂಚನೆ, ಕಂಪ್ಯೂಟರಿನಲ್ಲಿ ನೇಯ್ಗೆ ಮತ್ತು ಪ್ರಿಂಟ್ ವಿನ್ಯಾಸ. ವಿದ್ಯಾರ್ಥಿಗಳನ್ನು ಕುಶಲಕರ್ಮಿಗಳ ಊರಿಗೆ ಕಳಿಸುವ ಕ್ರಾಫ್ಟ್ ಕ್ಲಸ್ಟರ್ ಕಾರ್ಯಕ್ರಮವೂ ಇದೆ. ಕಾರವಾರ, ಕುಮಟಾ, ಭಟ್ಕಳದವರು ಬೆಂಗಳೂರೊಂದನ್ನೇ ಮನಸ್ಸಿನಲ್ಲಿಟ್ಟುಕೊಳ್ಳುತ್ತಾರೆ. ಕರಾವಳಿಯ ರೈಲು ಹಿಡಿದರೆ ಕಣ್ಣೂರಿನ ನಿಫ್ಟ್ ಅದಕ್ಕಿಂತ ಹತ್ತಿರದ ಮಾತು, ಸುತ್ತಮುತ್ತ ಕೈಮಗ್ಗ ಸಹಕಾರ ಸಂಘಗಳೂ ಇವೆ. ನಗರದ ಗದ್ದಲ ಬೇಡ, ಮಗ್ಗ ಹತ್ತಿರ ಇರಲಿ ಎನ್ನುವವರು ಕಣ್ಣೂರನ್ನು ಆಯ್ಕೆಪಟ್ಟಿಯಲ್ಲಿ ಮೇಲಿಡಬೇಕು ಎಂಬುದು ನಮ್ಮ ಅಭಿಪ್ರಾಯ. ಇಂಟರ್ನ್‌ಶಿಪ್, ಕಂಪನಿಗಳ ಸಂಪರ್ಕ ಮುಖ್ಯ ಎನ್ನುವವರಿಗೆ ಬೆಂಗಳೂರು ಸರಿ.

ಪರೀಕ್ಷೆಯಲ್ಲೂ ವ್ಯತ್ಯಾಸವಿದೆ. ನಿಫ್ಟ್ ಬಿ.ಡಿಸ್.ಗೆ ಸೃಜನಶೀಲ ಸಾಮರ್ಥ್ಯದ ಪರೀಕ್ಷೆಗೆ ನೂರಕ್ಕೆ 50, ಸಾಮಾನ್ಯ ಸಾಮರ್ಥ್ಯದ ಪರೀಕ್ಷೆಗೆ 30, ಕೊಟ್ಟ ಸಾಮಗ್ರಿಯಿಂದ ಮಾದರಿ ಮಾಡುವ ಸಿಚುಯೇಶನ್ ಟೆಸ್ಟಿಗೆ 20 ಎಂದು ತೂಕ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕನ್ನಡ ಮಾಧ್ಯಮದವರು ಸೋಲುವುದು ಚಿತ್ರದಲ್ಲಿ ಅಲ್ಲ, ಆ 30ರಲ್ಲಿ ಬರುವ ಇಂಗ್ಲಿಷ್ ಓದು ಮತ್ತು ಸರಳ ಗಣಿತದ ವೇಗದಲ್ಲಿ. ಚಿತ್ರದ ಕೋಚಿಂಗಿಗೆ ಕೊಡುವ ಹೊತ್ತಿನ ಅರ್ಧವನ್ನು ಇದಕ್ಕೆ ಕೊಡಿ. ಎನ್‌ಐಡಿಯಲ್ಲಿ ಪ್ರಿಲಿಮ್ಸ್, ಮೇನ್ಸ್ ಎಂದು ಎರಡು ಹಂತ. ಮೇನ್ಸ್‌ನ ಸ್ಟುಡಿಯೋ ಟೆಸ್ಟಿನಲ್ಲಿ ಕೈಯಿಂದ ಮಾಡಿ ತೋರಿಸಬೇಕು. ಅಚ್ಚುಕಟ್ಟಾದ ಚಿತ್ರಕ್ಕಿಂತ ಗಮನಿಸುವ ಗುಣಕ್ಕೆ ಬೆಲೆ: ಕಾರವಾರದ ಮೀನು ಮಾರುಕಟ್ಟೆಯಲ್ಲಿ ಬುಟ್ಟಿ ಹೊತ್ತವರ ಸಿಂಬೆ ಹೇಗಿರುತ್ತದೆ, ಬಲೆಯ ಗಂಟು ಯಾವ ಕಡೆಯಿಂದ ಬಿಗಿಯುತ್ತದೆ ಎಂದು ನೋಡಿ ಬರೆದು ರೂಢಿಯಿದ್ದವರು ಇಲ್ಲಿ ಮುಂದೆ ಹೋಗುತ್ತಾರೆ. ನಿಫ್ಟ್‌ನ ಬಿ.ಡಿಸ್. ಪ್ರವೇಶಕ್ಕೆ ಪೋರ್ಟ್‌ಫೋಲಿಯೊ ಕೇಳುವುದಿಲ್ಲ. ಅದನ್ನು ಮಾಡಿಸಿಕೊಡುತ್ತೇವೆ ಎಂದು ಹಣ ಕೇಳುವವರಿಂದ ದೂರವಿರಿ. ಪೋರ್ಟ್‌ಫೋಲಿಯೊ ಬೇಕಾಗುವುದು ಕೆಲವು ಖಾಸಗಿ ಸಂಸ್ಥೆಗಳಿಗೆ.

ಎರಡೂ ಕಡೆ, ಖಾಸಗಿ ಕಾಲೇಜುಗಳಲ್ಲೂ, ಕೇಳಲೇಬೇಕಾದ ಒಂದು ಪ್ರಶ್ನೆ ಇದೆ: ಜವಳಿ ವಿಭಾಗ ಪ್ರವೇಶದ ಹೊತ್ತಿಗೇ ನಿಶ್ಚಯವೋ, ಮೊದಲ ವರ್ಷದ ನಂತರ ಹಂಚುತ್ತಾರೋ? ಹಂಚುವ ಪದ್ಧತಿ ಇದ್ದರೆ ಬೇರೆ ವಿಭಾಗಕ್ಕೆ ಹೋಗಬೇಕಾಗಿ ಬರಬಹುದು ಎಂಬುದಕ್ಕೆ ಮನಸ್ಸು ಸಿದ್ಧವಿರಲಿ.

ಚಿತ್ರಕಲಾ ಕಾಲೇಜುಗಳು

ಕಲಾಶಾಲೆಯಲ್ಲೇ ಜವಳಿ ಓದಬೇಕು ಎನ್ನುವವರಿಗೆ ಮುಂಬೈನ ಸರ್ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಮತ್ತು ಚೆನ್ನೈನ ಸರ್ಕಾರಿ ಲಲಿತಕಲಾ ಕಾಲೇಜಿನಲ್ಲಿ ಜವಳಿ ವಿನ್ಯಾಸ ವಿಭಾಗಗಳಿವೆ. ಎರಡೂ ಹತ್ತೊಂಬತ್ತನೆಯ ಶತಮಾನದ ಸಂಸ್ಥೆಗಳು, ಚಿತ್ರ ಬರೆಯುವ ಶಿಸ್ತು ಗಟ್ಟಿ. ಹೊರರಾಜ್ಯದವರಿಗೆ ಎಷ್ಟು ಸೀಟು ಎಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಂಡೇ ಅರ್ಜಿ ಹಾಕಿ.

ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಕಾರವಾರದವರಿಗೆ ಪಕ್ಕದಲ್ಲೇ ಇರುವ ಪಣಜಿಯ ಗೋವಾ ಕಲಾ ಕಾಲೇಜು ಇವುಗಳಲ್ಲಿ ಚಿತ್ರಕಲೆ, ಅನ್ವಯಿಕ ಕಲೆಯಂಥ ವಿಭಾಗಗಳೇ ಮುಖ್ಯ. ಜವಳಿಗೆಂದೇ ಹೋಗುವ ಜಾಗಗಳಲ್ಲ. ಆದರೂ ನಿಮ್ಮ ಒಲವು ಸಂಪೂರ್ಣವಾಗಿ ಮುದ್ರಣದ ಕಡೆಗಿದ್ದರೆ, ಗ್ರಾಫಿಕ್ ಮುದ್ರಣ ವಿಭಾಗವಿರುವ ಕಡೆ ನಾಲ್ಕು ವರ್ಷ ಓದಿ, ಆಮೇಲೆ ಜವಳಿಯಲ್ಲಿ ಸ್ನಾತಕೋತ್ತರ ಮಾಡುವ ದಾರಿ ಕೆಟ್ಟದ್ದಲ್ಲ. ಮರದಚ್ಚು, ಸ್ಕ್ರೀನ್, ಬಣ್ಣ ಬೇರ್ಪಡಿಸುವುದು ಕೈಗೆ ಬಂದಿರುತ್ತದೆ, ಖರ್ಚೂ ಕಡಿಮೆ. ಕೊರತೆ ಇಷ್ಟೆ: ನೂಲು, ನಂಬರು, ಬಟ್ಟೆಯ ರಚನೆ ಏನೂ ತಿಳಿದಿರುವುದಿಲ್ಲ, ಅದನ್ನು ತಾವೇ ಕಲಿತುಕೊಳ್ಳಬೇಕು.

ಧಾರವಾಡ, ಗದಗ, ಸೇಲಂ: ಯಾರೂ ಮೊದಲು ಹೇಳದ ದಾರಿಗಳು

ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನ ಕಾಲೇಜಿನಲ್ಲಿ ಜವಳಿ ಮತ್ತು ಉಡುಪು ವಿನ್ಯಾಸ ವಿಭಾಗ ಇದೆ. ಬಿ.ಎಸ್ಸಿ. ನಾಲ್ಕು ವರ್ಷ, ಜವಳಿ ಅದರಲ್ಲಿ ಒಂದು ಭಾಗ ಮಾತ್ರ. ಆಹಾರ ವಿಜ್ಞಾನ, ಮಾನವ ಅಭಿವೃದ್ಧಿ ಇವೂ ಓದಬೇಕು. ಜವಳಿಯೊಂದನ್ನೇ ಓದುವುದು ಎಂ.ಎಸ್ಸಿ.ಯಲ್ಲಿ. ನಾರು, ಬಣ್ಣದ ಗಟ್ಟಿತನ, ಪರೀಕ್ಷಾ ವಿಧಾನಗಳ ಬಗ್ಗೆ ಇಲ್ಲಿ ಸಿಗುವ ವೈಜ್ಞಾನಿಕ ತಳಹದಿ ಡಿಸೈನ್ ಶಾಲೆಗಳಲ್ಲಿ ಸಿಗುವುದು ಕಷ್ಟ. ಸೃಜನಶೀಲ ಸ್ಟುಡಿಯೋ ಮಾತ್ರ ಇಲ್ಲಿ ಕಡಿಮೆ. ಪಾಠ ಹೇಳುವುದು, ಸಂಶೋಧನೆ, ಗುಣಮಟ್ಟ ಪರೀಕ್ಷೆ ನಿಮ್ಮ ಗುರಿಯಾದರೆ, ಶಿರಸಿಯಿಂದ ಬೆಳಿಗ್ಗೆ ಹೊರಟು ಸಂಜೆ ಮರಳಬಹುದಾದಷ್ಟು ದೂರದ ಈ ಕಾಲೇಜನ್ನು ಒಮ್ಮೆ ನೋಡಿ ಬನ್ನಿ.

ನೇಯ್ಗೆಯೇ ಬೇಕು, ಮನೆಯ ಕೈ ಬಿಗಿಯಿದೆ ಎನ್ನುವವರಿಗೆ ಕೈಮಗ್ಗ ತಂತ್ರಜ್ಞಾನದ ಮೂರು ವರ್ಷದ ಡಿಪ್ಲೊಮಾ ಬಹಳ ಒಳ್ಳೆಯ ಆಯ್ಕೆ. ಹುಬ್ಬಳ್ಳಿಯಿಂದ ಸುಮಾರು 60 ಕಿ.ಮೀ. ದೂರದ ಗದಗದಲ್ಲಿ ರಾಜ್ಯದ ಸಂಸ್ಥೆ ಇದೆ, ತಮಿಳುನಾಡಿನ ಸೇಲಂನಲ್ಲಿ ಕೇಂದ್ರದ್ದು. ಎಸ್ಸೆಸ್ಸೆಲ್ಸಿ ಮುಗಿದ ಮೇಲೇ ಸೇರಬಹುದು. ನೂಲಿನ ಲೆಕ್ಕ, ಹಾಸು ಹೂಡುವುದು, ಡಾಬಿ, ಜಕಾರ್ಡ್ (ಮಗ್ಗದಲ್ಲೇ ವಿನ್ಯಾಸ ಮೂಡಿಸುವ ಸಾಧನಗಳು), ಡೈಯಿಂಗ್ ಎಲ್ಲ ಕೈಯಾರೆ ಮಾಡಿ ಕಲಿಯುತ್ತಾರೆ. ಗದಗಿನ ಸುತ್ತ ಬೆಟಗೇರಿ, ಗಜೇಂದ್ರಗಡದ ನೇಕಾರಿಕೆ ಇರುವುದರಿಂದ ಕ್ಲಾಸಿನಲ್ಲಿ ಕಲಿತದ್ದನ್ನು ಸಂಜೆ ಬೀದಿಯಲ್ಲಿ ನೋಡಬಹುದು. ಡಿಸೈನ್ ಶಾಲೆಯ ಪದವೀಧರರು ಎಷ್ಟೋ ಸಲ ತಮ್ಮ ವಿನ್ಯಾಸವನ್ನು ಮಗ್ಗಕ್ಕೆ ಏರಿಸಿಕೊಡಲು ಇಂಥ ಡಿಪ್ಲೊಮಾದವರನ್ನೇ ಅವಲಂಬಿಸಿರುತ್ತಾರೆ. ಇಲ್ಲಿನ ಕೊರತೆ ಬಣ್ಣ, ರೇಖೆ, ಕಲಾ ಇತಿಹಾಸದ ಪಾಠ. ಅದನ್ನು ತುಂಬಿಕೊಳ್ಳುವ ಶ್ರದ್ಧೆ ಇದ್ದವರಿಗೆ ಇದಕ್ಕಿಂತ ಕಡಿಮೆ ಖರ್ಚಿನ ಗಟ್ಟಿ ದಾರಿ ಇನ್ನೊಂದಿಲ್ಲ.

ಬಿ.ಇ. ಟೆಕ್ಸ್‌ಟೈಲ್ ಟೆಕ್ನಾಲಜಿ ದಾವಣಗೆರೆಯ ಬಾಪೂಜಿ ಕಾಲೇಜಿನಲ್ಲೂ ಬೆಂಗಳೂರಿನ ಶ್ರೀ ಕೃಷ್ಣರಾಜೇಂದ್ರ ಸಿಲ್ವರ್ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲೂ (ಎಸ್‌ಕೆಎಸ್‌ಜೆಟಿಐ) ಇದೆ. ಅದು ಗಿರಣಿ ನಡೆಸುವವರ ಓದು, ವಿನ್ಯಾಸಕಾರರದ್ದಲ್ಲ. ಯಂತ್ರ, ಉತ್ಪಾದನೆ ಇಷ್ಟವಿದ್ದರೆ ಮಾತ್ರ.

ನೋಡಲು ಹೋದಾಗ ಏನು ನೋಡಬೇಕು

ಕಟ್ಟಡ, ಹಾಸ್ಟೆಲ್ ಕೋಣೆ ನೋಡಿ ಬರುವವರೇ ಹೆಚ್ಚು. ನೇರ ಮಗ್ಗದ ಕೋಣೆಗೆ ಹೋಗಿ. ಮಗ್ಗ ಎಷ್ಟಿವೆ ಎಂದು ಎಣಿಸಿ, ಅದರಲ್ಲಿ ಹಾಸು ಏರಿಸಿದ್ದು ಎಷ್ಟು ಎಂದು ಎಣಿಸಿ. ಸೆಮಿಸ್ಟರ್ ನಡುವೆ ಖಾಲಿ ಮಗ್ಗ, ಹಣಿಗೆಯ ಮೇಲೆ ದೂಳು, ತುಕ್ಕು ಹಿಡಿದ ಹೀಲ್ಡು ಕಂಡರೆ ಪ್ರಾಸ್ಪೆಕ್ಟಸ್ಸಿನ ಮಾತು ನಂಬಬೇಡಿ. ವಿದ್ಯಾರ್ಥಿಗಳು ತಾವೇ ಹಾಸು ಹೂಡಿ ದಾಟಿಸುತ್ತಾರೋ, ಮಾಸ್ಟರ್ ಏರಿಸಿಕೊಟ್ಟ ಹಾಸಿನ ಮೇಲೆ ನಾಲ್ಕು ಇಂಚು ನೇಯ್ದು ಬಿಡುತ್ತಾರೋ ಕೇಳಿ. ಎರಡನೆಯದಾದರೆ ಓದು ಅರ್ಧ ಮಾತ್ರ. ಸಂಜೆ ಐದರ ನಂತರ, ಭಾನುವಾರ ವರ್ಕ್‌ಶಾಪ್ ತೆರೆದಿರುತ್ತದೆಯೇ ಎಂಬುದು ಬಹಳ ಮುಖ್ಯ. ಮೂರನೆಯ ವರ್ಷದ ಕೆಲಸವೆಲ್ಲ ನಡೆಯುವುದು ಆ ಹೊತ್ತಿನಲ್ಲೇ.

ಡೈಯಿಂಗ್ ಲ್ಯಾಬಿನಲ್ಲಿ ಗ್ರಾಮಿನ ಹತ್ತರಲ್ಲೊಂದು ಭಾಗವನ್ನೂ ತೋರಿಸುವ ತಕ್ಕಡಿ ಇದೆಯೇ, ಹಬೆ ಹೊರಹೋಗಲು ಎಕ್ಸಾಸ್ಟ್ ಇದೆಯೇ, ಕೈಗವಸು, ಮಾಸ್ಕ್ ಕೊಡುತ್ತಾರೆಯೇ ನೋಡಿ. ಪುಡಿ ಬಣ್ಣಗಳನ್ನು ಮಾಸ್ಕ್ ಇಲ್ಲದೆ ಬೆರೆಸುವ ರೂಢಿಯಿರುವ ಲ್ಯಾಬ್ ಶ್ವಾಸಕ್ಕೆ ಒಳ್ಳೆಯದಲ್ಲ. ಪ್ರಿಂಟಿಂಗ್ ಟೇಬಲ್ ಕನಿಷ್ಠ ಐದಾರು ಮೀಟರ್ ಉದ್ದ ಇದ್ದರೆ ಒಂದು ಸೀರೆಯಷ್ಟು ಪುನರಾವರ್ತನೆ ಒಟ್ಟಿಗೇ ಮಾಡಿ ನೋಡಬಹುದು. ಒಂದು ಮೀಟರಿನ ಟೇಬಲ್ಲಿನಲ್ಲಿ ರಿಜಿಸ್ಟರ್ (ಸ್ಕ್ರೀನುಗಳ ಜೋಡಣೆ) ತಪ್ಪುವುದು ಗೊತ್ತೇ ಆಗುವುದಿಲ್ಲ.

ಎರಡನೆಯ ವರ್ಷದ ಒಬ್ಬ ವಿದ್ಯಾರ್ಥಿಯನ್ನು ಹಿಡಿದು ಒಂದು ಸೆಮಿಸ್ಟರಿನ ಸಾಮಗ್ರಿ ಖರ್ಚು ಕೇಳಿ. ನೂಲು, ಬಣ್ಣ, ಸ್ಕ್ರೀನ್ ತೆಗೆಸುವುದು, ಪ್ರಿಂಟ್‌ಔಟ್, ಕ್ಲಸ್ಟರ್ ಪ್ರವಾಸ ಇವು ಫೀ ಪಟ್ಟಿಯಲ್ಲಿರುವುದಿಲ್ಲ, ಪಾಲಕರ ಲೆಕ್ಕ ತಪ್ಪುವುದು ಇಲ್ಲೇ. ಶಿಕ್ಷಣ ಸಾಲದ ವಿಷಯದಲ್ಲಿ 4 ಲಕ್ಷದವರೆಗೆ ಸಾಮಾನ್ಯವಾಗಿ ಅಡಮಾನ ಕೇಳುವುದಿಲ್ಲ, 7.5 ಲಕ್ಷ ದಾಟಿದರೆ ಕೇಳಬಹುದು. ಅಡಿಕೆ ತೋಟದ ಪಹಣಿ ಇದೆ ಎಂದು ನಿಶ್ಚಿಂತರಾಗಬೇಡಿ. ಕೃಷಿ ಜಮೀನನ್ನು ಇದಕ್ಕೆ ಅಡಮಾನವಾಗಿ ಒಪ್ಪಲು ಬ್ಯಾಂಕುಗಳು ಹಿಂಜರಿಯುತ್ತವೆ. ಫಲಿತಾಂಶ ಬರುವ ಮೊದಲೇ ಮ್ಯಾನೇಜರನ್ನು ಕಂಡು ಮಾತನಾಡಿ.

ಊರಿನದ್ದನ್ನು ಹೇಗೆ ಬಳಸುವುದು

ಸಂದರ್ಶನ, ಸ್ಟುಡಿಯೋ ಟೆಸ್ಟುಗಳಲ್ಲಿ ‘ನಿಮ್ಮ ಊರಿನ ಕಲೆ’ ಎಂದ ಕೂಡಲೇ ಯಕ್ಷಗಾನದ ಕಿರೀಟ ಬರೆದು ತೋರಿಸುವುದು ರೂಢಿಯಾಗಿಬಿಟ್ಟಿದೆ. ಬಟ್ಟೆಗೆ ಹೆಚ್ಚು ಹತ್ತಿರದವು ಬೇರೆ ಇವೆ. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಯ ಕಾವಿ ಕಲೆ ನೋಡಿ. ಕೆಮ್ಮಣ್ಣಿನ ಪದರವನ್ನು ಕೆರೆದು ಕೆಳಗಿನ ಸುಣ್ಣದ ಬಿಳಿಯನ್ನು ತೆಗೆದದ್ದು, ಬಣ್ಣ ಒಂದೇ. ಎಷ್ಟು ತುಂಬಬೇಕು, ಎಷ್ಟು ಬಿಡಬೇಕು ಎಂಬ ಒಂದೇ ಸ್ಕ್ರೀನಿನ ಮುದ್ರಣದ ಸಮಸ್ಯೆಗೆ ಅಲ್ಲಿ ಹತ್ತಾರು ಉತ್ತರಗಳಿವೆ. ಸಿದ್ದಾಪುರ, ಸಾಗರದ ಕಡೆ ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರ ಎಳೆಗಳ ಲೆಕ್ಕದ ಮೇಲೆ ನಿಂತದ್ದು, ಗ್ರಾಫ್ ಕಾಗದಕ್ಕೆ ಇಳಿಸಿದರೆ ಡಾಬಿ ಮಗ್ಗಕ್ಕೆ ಸರಿಯಾಗಿ ಒಗ್ಗುತ್ತದೆ.

ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರ ಕೌದಿಯನ್ನು ಹತ್ತಿರ ಕೂತು ನೋಡಿ. ಹಳೆಯ ಸೀರೆ, ಅಂಗಿಯ ತುಂಡುಗಳನ್ನು ಅಂಚಿನಿಂದ ಒಳಕ್ಕೆ ಸುತ್ತಿನಂತೆ ಹೊಲಿಯುತ್ತ ಬರುತ್ತಾರೆ. ಒಂದೇ ಸಮನೆ ಸಾಗುವ ಸಣ್ಣ ಹೊಲಿಗೆಯೇ ಎಲ್ಲ ಪದರಗಳನ್ನೂ ಹಿಡಿದಿಡುತ್ತದೆ. ಮೂಲೆಗಳಿಗೆ ಮಡಿಸಿದ ಬಟ್ಟೆಯ ಫುಲ ಹಾಕದೆ ಕೌದಿ ಮುಗಿಯಿತೆನ್ನುವುದಿಲ್ಲ. ಅದರ ಫೋಟೋ ತೆಗೆದು ಪ್ರಿಂಟ್ ಮಾಡಿದರೆ ಅದು ನಕಲು. ಬಣ್ಣದ ತುಂಡುಗಳನ್ನು ಅವರು ಹೇಗೆ ತೂಗಿ ಜೋಡಿಸುತ್ತಾರೆ ಎಂಬುದನ್ನು ಬರೆದಿಟ್ಟುಕೊಂಡರೆ ಅದು ಕಲಿಕೆ. ಯಾರ ಬಳಿ ಕಲಿತಿರೋ ಅವರ ಒಪ್ಪಿಗೆ ಕೇಳಿ, ಹೆಸರು ಬರೆಯಿರಿ, ಅವರ ಹೊತ್ತಿಗೆ ಹಣ ಕೊಡಿ. ಒಳ್ಳೆಯ ಶಾಲೆಗಳಲ್ಲಿ ಇದನ್ನೂ ಕೇಳುತ್ತಾರೆ.

ಮಳೆಗಾಲದಲ್ಲಿ ಇವನ್ನೆಲ್ಲ ಜೋಪಾನ ಮಾಡುವುದು ಕರಾವಳಿಯಲ್ಲಿ ದೊಡ್ಡ ಕೆಲಸ. ಗಂಜಿ ಇರುವ ಬಟ್ಟೆಗೆ, ಜಲವರ್ಣದ ಕಾಗದಕ್ಕೆ ಜೂನ್ ಮುಗಿಯುವುದರೊಳಗೆ ಬೂಸ್ಟು ಹಿಡಿಯುತ್ತದೆ. ಮಾದರಿಗಳನ್ನು ಗಂಜಿ ತೆಗೆದು ಚೆನ್ನಾಗಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ. ಪ್ಲಾಸ್ಟಿಕ್ ಫೋಲ್ಡರಿನಲ್ಲಿ ತೇವವಿದ್ದ ಹಾಳೆ ಇಟ್ಟರೆ ಇನ್ನೂ ಬೇಗ ಹಾಳಾಗುತ್ತದೆ. ಎಲ್ಲದರ ಫೋಟೋವನ್ನು ಮೇ ತಿಂಗಳ ಬೆಳಗಿನ ಬೆಳಕಿನಲ್ಲೇ ತೆಗೆದಿಡಿ.

ಒಂದು ವರ್ಷ ಬಿಡುವುದಾದರೆ

ಮೊದಲ ಸಲ ಸೀಟು ಸಿಗದೆ ಇನ್ನೊಂದು ವರ್ಷ ಪ್ರಯತ್ನಿಸುವವರು ವಯೋಮಿತಿ ನೋಡಿಕೊಳ್ಳಿ. ನಿಫ್ಟ್‌ಗಿಂತ ಎನ್‌ಐಡಿಯ ಮಿತಿ ಬಿಗಿ. ಎರಡು ವರ್ಷ ಬಿಟ್ಟರೆ ಸಾಮಾನ್ಯ ವರ್ಗದವರಿಗೆ ಬಾಗಿಲು ಮುಚ್ಚಿಹೋಗಬಹುದು. ಅರ್ಜಿಗಳು ಚಳಿಗಾಲದಲ್ಲೇ ಬರುತ್ತವೆ, ದ್ವಿತೀಯ ಪಿಯುಸಿ ಪರೀಕ್ಷೆ ಮುಗಿಯಲಿ ಎಂದು ಕಾಯುತ್ತ ಕೂತವರಿಗೆ ಆ ವರ್ಷ ತಪ್ಪುತ್ತದೆ. ಜಾತಿ, ಆದಾಯ ಪ್ರಮಾಣಪತ್ರ ಕೇಂದ್ರದ ನಮೂನೆಯಲ್ಲಿ ಬೇಕಾಗುತ್ತದೆ, ಅದನ್ನು ದೀಪಾವಳಿಯೊಳಗೆ ಮಾಡಿಸಿಡಿ.

ಆ ಒಂದು ವರ್ಷವನ್ನು ಕೋಚಿಂಗ್ ಕೋಣೆಯಲ್ಲೇ ಕಳೆಯಬೇಡಿ. ಶಿರಸಿಯಿಂದ ಬಸ್ಸಿನಲ್ಲಿ ಎರಡು ಗಂಟೆಯ ದಾರಿ ಸಾಗರದ ಹೆಗ್ಗೋಡು, ಅಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ಶುರುವಾದ ಚರಕ ಮಹಿಳಾ ಸಹಕಾರ ಸಂಘ ಇದೆ. ಹತ್ತಿನೂಲಿಗೆ ನೈಸರ್ಗಿಕ ಬಣ್ಣ ಹಾಕಿ ಕೈಮಗ್ಗದಲ್ಲಿ ನೇಯುತ್ತಾರೆ, ಅಡಿಕೆಯ ಚೊಗರೂ ಆ ಬಣ್ಣಗಳಲ್ಲಿ ಒಂದು. ಮನೆಯಲ್ಲಿ 100 ಗ್ರಾಂ ಬಟ್ಟೆಗೆ ಹಾಕಿದ ಬಣ್ಣಕ್ಕೂ, ಲಡಿಗಟ್ಟಲೆ ನೂಲಿಗೆ ಒಂದೇ ಛಾಯೆ ತರುವುದಕ್ಕೂ ಇರುವ ಅಂತರ ಅಂಥ ಕಡೆ ಮಾತ್ರ ತಿಳಿಯುತ್ತದೆ. ಮುಂಚಿತವಾಗಿ ಪತ್ರ ಬರೆದು ಅನುಮತಿ ಕೇಳಿ. ಕೆಲಸದ ಹೊತ್ತಿನಲ್ಲಿ ಅಡ್ಡಬಾರದೆ ಕೂರಿ, ಕಂಡಿಕೆ (ಹೊಕ್ಕಿನ ನೂಲಿನ ಸಣ್ಣ ಕೊಳವೆ) ಸುತ್ತುವಂಥ ಸಣ್ಣ ಕೆಲಸ ಕೊಟ್ಟರೆ ಅದನ್ನೇ ಮಾಡಿ. ಮಗ್ಗದ ಮೇಲೆ ಎಳೆ ತುಂಡಾಗುವುದು ಬಹುತೇಕ ಕಂಡಿಕೆ ಸರಿ ಸುತ್ತದ್ದರಿಂದ ಅಥವಾ ಗಂಜಿ ಸಾಲದ್ದರಿಂದ. ಇದು ಕೈಗೆ ಗೊತ್ತಾದವರು ಗದಗಕ್ಕೆ ಹೋಗಲಿ, ಕಣ್ಣೂರಿಗೆ ಹೋಗಲಿ, ಮಗ್ಗದ ಮುಂದೆ ಮೊದಲ ಸೆಮಿಸ್ಟರಿನಲ್ಲೇ ಧೈರ್ಯವಾಗಿ ಕೂರಬಲ್ಲರು.